ಬೆಂದಕಾಳಿನ ಕಥೆಯೂ ಊಟದ ವೇಳೆಯ ಉಪನ್ಯಾಸವೂ

ಬೆಂಗಳೂರಿನ ಇತಿಹಾಸದ ಬಗ್ಗೆ ಬರೆದ ಲೇಖಕರನ್ನು ಕರೆಸಿ, ಊಟದ ವೇಳೆಯಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯ ಉಪನ್ಯಾಸ ಮಾಲಿಕೆ ನಡೆಸುತ್ತಿದೆ. ವಿಜ್ಞಾನ ವಿಭಾಗದ ನಾವು ಹೋಗುವುದು ಕಡಿಮೆ. 'ಅದು ಸಮಾಜ ವಿಜ್ಞಾನದವರಿಗೆ' ಎಂಬುದು ನಮ್ಮ ಸಬೂಬು. ಪಾಠಯೋಜನೆ, ಚಾರ್ಟುಗಳ ಒತ್ತಡವಿರುವ ಬೋಧನಾಭ್ಯಾಸದ ದಿನಗಳಲ್ಲಾದರೂ ಇದನ್ನು ನಿಲ್ಲಿಸಬಾರದೇ ಎಂದವರಲ್ಲಿ ನಾನೂ ಒಬ್ಬ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

8ನೇ ತರಗತಿಗೆ ಬೆಳೆ ಉತ್ಪಾದನೆಯ ಪಾಠ ಮಾಡುತ್ತಿದ್ದೆ. ದ್ವಿದಳ ಧಾನ್ಯದ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾದ ವಿಷಯಕ್ಕೆ ಬರುವ ಮುನ್ನ ಪೀಠಿಕೆಗಾಗಿ ಕಥೆಯೊಂದನ್ನು ಹೇಳಿದೆ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು; ಊರು ಬೆಂದಕಾಳೂರಾಯಿತು; ಅದೇ ಇಂದಿನ ಬೆಂಗಳೂರು. ಮಕ್ಕಳು ಕಣ್ಣರಳಿಸಿ ಕೇಳಿದರು. ಅವಲೋಕನ ಪುಸ್ತಕದಲ್ಲಿ 'ಪೀಠಿಕೆ ಆಕರ್ಷಕವಾಗಿದೆ' ಎಂಬ ಷರಾ ಬಂತು. ಕೊನೆಯ ಬೆಂಚಿನ ಹುಡುಗಿ ಮಾತ್ರ, "ಸರ್, ಇದು ನಿಜವಾಗ್ಲೂ ನಡೆದಿದ್ದಾ?" ಎಂದಳು. "ಹೌದಮ್ಮ" ಎಂದು ಪಾಠ ಮುಂದುವರಿಸಿದೆ.

ಮರುವಾರ ಗೆಳೆಯನ ಒತ್ತಾಯಕ್ಕೆ ಉಪನ್ಯಾಸಕ್ಕೆ ಹೋದೆ. ಲೇಖಕರು ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ಶಾಸನದ ಚಿತ್ರ ತೋರಿಸಿದರು. ಅದರ ಕಾಲ ಸುಮಾರು ಕ್ರಿ.ಶ. 890. ಅದರಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅವನಿಗಿಂತ 280 ವರ್ಷಗಳಷ್ಟು ಮೊದಲೇ ಆ ಹೆಸರು ಇತ್ತು. ಅವನಿಗೆ ಕೊಟ್ಟ ಕಾಳಿನಿಂದ ಅದು ಬಂದಿರಲು ಸಾಧ್ಯವಿಲ್ಲ.

ಜನ ಹೇಳುವ ಕಥೆಯನ್ನು ತರಗತಿಯಲ್ಲಿ ಹೇಳುವುದು ತಪ್ಪಲ್ಲ, ಕಥೆಯೆಂದೇ ಹೇಳಬೇಕಿತ್ತು. ಪುರಾವೆ ಕೇಳಿದ ಮಗುವಿಗೆ ಮೇಷ್ಟ್ರ ಗತ್ತಿನಲ್ಲಿ ಉತ್ತರ ಕೊಟ್ಟಿದ್ದು ನನ್ನನ್ನು ಕಾಡಿತು. ವೈಜ್ಞಾನಿಕ ಮನೋಭಾವ ಬೆಳೆಸುವುದು ಎಂದು ಪ್ರತಿ ಪಾಠಯೋಜನೆಯಲ್ಲೂ ಉದ್ದೇಶ ಬರೆಯುವವನು ನಾನೇ.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದು 890, 1173 ಗುರುತಿಸಿ, ತೀರ್ಮಾನವನ್ನು ಮಕ್ಕಳಿಗೇ ಬಿಟ್ಟೆ. "ಹಾಗಾದ್ರೆ ಹೆಸರು ಹೇಗೆ ಬಂತು ಸರ್?" ಎಂದಳು ಅದೇ ಹುಡುಗಿ. "ನನಗೆ ಗೊತ್ತಿಲ್ಲಮ್ಮ" ಎಂದೆ. ತರಗತಿಯಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು. ಮಕ್ಕಳು ನಗಲಿಲ್ಲ.

ಆದ್ದರಿಂದ ಈ ಮಾಲಿಕೆ ನಿಲ್ಲಬಾರದು. ಆದರೆ ಈಗಿರುವಂತೆಯೇ ನಡೆದರೆ ಸಾಲದು. 40 ನಿಮಿಷದಲ್ಲಿ ಪರಿಚಯ, ಭಾಷಣ, ವಂದನಾರ್ಪಣೆ ಮುಗಿಯುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಕೊನೆಯ 15 ನಿಮಿಷ ಪ್ರಶ್ನೆಗಳಿಗೆ ಮೀಸಲಿರಲಿ. 'ಇದು ನಿಮಗೆ ಹೇಗೆ ಗೊತ್ತಾಯಿತು?' ಎಂಬುದು ಮೊದಲ ಪ್ರಶ್ನೆಯಾಗಲಿ. ಬೋಧನಾಭ್ಯಾಸಕ್ಕೆ ಹೊರಡುವ ಮೊದಲೇ ಒಂದೆರಡು ಉಪನ್ಯಾಸಗಳು ನಡೆಯಲಿ. ಹಾಜರಾತಿ ಕಡ್ಡಾಯ ಬೇಡ. ಕೇಳಿದ್ದರಲ್ಲಿ ಒಂದನ್ನು ತನ್ನ ವಿಷಯದ ಪಾಠಕ್ಕೆ ಬಳಸಿದವರು ಅದನ್ನು ದಿನಚರಿಯಲ್ಲಿ ಬರೆದರೆ ಸಾಕು.

ಬಳಸಲು ಬೇಕಾದಷ್ಟಿದೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಭೌತವಿಜ್ಞಾನದವರಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಬೇಕೇ? ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿದೆ. ಮಳೆನೀರಿನ ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದು.

ಊಟದ ಸಮಯ ಹಾಳಾಗುತ್ತದೆ ಎನ್ನುವ ಗೆಳೆಯರಿಗೆ ಒಂದು ಮಾತು: ಡಬ್ಬಿ ತೆರೆದುಕೊಂಡೇ ಕೇಳೋಣ, ಲೇಖಕರು ಬೇಸರ ಮಾಡಿಕೊಳ್ಳಲಾರರು. ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ಹೇಗೂ ಕೊನೆಯ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ.