13ನೆಯ ಅಧ್ಯಾಯವನ್ನು ಪೂರ್ತಿ ಓದೋಣ

ಈಚೆಗೆ ಒಂದು ವಿಚಾರ ಸಂಕಿರಣದಲ್ಲಿ ಹಿರಿಯರೊಬ್ಬರು ನನ್ನ ಪ್ರಬಂಧವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. "ಕ್ರೈಸ್ತರಿಗೆ ಈ ಪ್ರಶ್ನೆಯೇ ಇಲ್ಲಮ್ಮ. ಪೌಲ ರೋಮಿನವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ನೋಡು. ಅಧಿಕಾರ ದೇವರು ಕೊಟ್ಟದ್ದು, ತಗ್ಗಿ ನಡೆಯಬೇಕು, ಅಷ್ಟೆ." ಸಭೆ ತಲೆದೂಗಿತು. ನಾನು ಸುಮ್ಮನೆ ಕೂತೆ. ಅಂದು ಹೇಳಬೇಕಿದ್ದದ್ದನ್ನು ಈಗ ಹೇಳುತ್ತಿದ್ದೇನೆ.

ಆ ಅಧ್ಯಾಯವನ್ನು ಎತ್ತಿ ಹೇಳುವವರು ಮೊದಲೆರಡು ವಚನಗಳಿಗೇ ನಿಂತುಬಿಡುತ್ತಾರೆ. ನಾಲ್ಕನೆಯ ವಚನದಲ್ಲಿ ಪೌಲ ಅಧಿಕಾರಿಯನ್ನು ಜನರ ಒಳಿತಿಗಾಗಿ ಇರುವ ದೇವರ ಸೇವಕನೆಂದು ಕರೆಯುತ್ತಾನೆ. ಸೇವಕನೆಂದ ಮೇಲೆ ಅವನಿಗೂ ಒಬ್ಬ ಒಡೆಯನಿದ್ದಾನೆ. ಐದನೆಯದರಲ್ಲಿ ವಿಧೇಯತೆಗೆ ಎರಡು ಕಾರಣ ಕೊಡುತ್ತಾನೆ: ಒಂದು ದಂಡನೆಯ ಭಯ, ಇನ್ನೊಂದು ಮನಸ್ಸಾಕ್ಷಿ. ಭಯವೊಂದೇ ಸಾಲದು ಎಂಬುದು ಅವನ ಮಾತಿನ ತಿರುಳು. ಮನಸ್ಸಾಕ್ಷಿಯನ್ನು ಕಿತ್ತುಹಾಕಿದರೆ ಉಳಿಯುವುದು ಬರೀ ಭಯ. ಅದಕ್ಕೆ ಪೌಲನ ಹೆಸರೇಕೆ?

ಫ್ರಾಂಟ್ಸ್ ಯೆಗರ್‌ಸ್ಟೆಟರ್ ಆಸ್ಟ್ರಿಯದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯ ರೈತ, ಭಕ್ತ ಕ್ಯಾಥೊಲಿಕ್, ಮೂವರು ಪುಟ್ಟ ಹೆಣ್ಣುಮಕ್ಕಳ ತಂದೆ. ಜರ್ಮನಿಯೊಡನೆ ವಿಲೀನದ ಬಗ್ಗೆ 1938ರಲ್ಲಿ ನಡೆದ ಮತದಾನದಲ್ಲಿ ಆ ಹಳ್ಳಿಯಿಂದ ಬೇಡವೆಂದವನು ಅವನೊಬ್ಬನೇ. ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಬಂದೂಕು ಹಿಡಿಯಲಾರೆ ಎಂದ. ಲಿಂಜ್‌ನ ಬಿಷಪ್ಪರನ್ನು ಹೋಗಿ ಕಂಡ. ಅವರು ಸಂಸಾರದ ಹೊಣೆಯನ್ನು ನೆನಪಿಸಿ ಕಳಿಸಿದರು. ಗಾಯಾಳುಗಳ ಶುಶ್ರೂಷೆ ಮಾಡಲು ಸಿದ್ಧನೆಂದ. ಸೇನೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್‌ನಲ್ಲಿ ಅವನ ತಲೆ ಕಡಿದರು.

ಒಬ್ಬೊಬ್ಬರೂ ಮನಸ್ಸಾಕ್ಷಿಯ ಹೆಸರು ಹೇಳಿದರೆ ಕಾನೂನಿನ ಗತಿಯೇನು ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಯೆಗರ್‌ಸ್ಟೆಟರ್ ಓಡಿಹೋಗಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ಕರೆ ಬಂದಾಗ ಸೇನಾ ಠಾಣೆಗೆ ತಾನೇ ಹೋಗಿ, ಹೋರಾಡುವುದಿಲ್ಲ ಎಂದು ಎದುರಿಗೇ ಹೇಳಿದ. ಶಿಕ್ಷೆಗೆ ತಲೆಯೊಡ್ಡಿದ, ಪಾಪಕ್ಕೆ ಒಡ್ಡಲಿಲ್ಲ. ಮನಸ್ಸಾಕ್ಷಿಯ ನೆಪ ಹೇಳುವವರನ್ನೂ ಅದರಂತೆ ಬದುಕುವವರನ್ನೂ ಬೇರ್ಪಡಿಸಲು ನನಗೆ ಸಿಕ್ಕ ಒಂದು ಅಳತೆ ಇದು.

ನನ್ನನ್ನು ಕಾಡುವ ಆಕ್ಷೇಪ ಬೇರೆ. ಬೆಲೆಯನ್ನು ಅವನೊಬ್ಬನೇ ತೆರಲಿಲ್ಲ. ಹೆಂಡತಿ ಫ್ರಾಂಟ್ಸಿಸ್ಕಾಳನ್ನು ಊರವರು ದೂರಿದರು. ಯುದ್ಧ ಮುಗಿದ ಮೇಲೂ ಅವಳಿಗೆ ವಿಧವಾ ವೇತನ ಸಿಗಲು 1950 ಆಗಬೇಕಾಯಿತು. ಇದನ್ನು ಮರೆಮಾಚಿ ಅವನನ್ನು ಹೊಗಳುವುದು ಅಪ್ರಾಮಾಣಿಕತೆ. ಆದರೂ ಅವಳನ್ನು ವಿಧವೆ ಮಾಡಿದ್ದು ಗಂಡನ ಮನಸ್ಸಾಕ್ಷಿಯಲ್ಲ, ಕೊಂದ ಸರ್ಕಾರ. ತಗ್ಗಿ ನಡೆದ ಲಕ್ಷಾಂತರ ಸೈನಿಕರ ಹೆಂಡಂದಿರೂ ವಿಧವೆಯರಾದರು. ಅವರ ಕಣ್ಣೀರಿಗೆ ವಿಧೇಯತೆಯನ್ನು ಯಾರೂ ಹೊಣೆ ಮಾಡಲಿಲ್ಲವಲ್ಲ?

2007ರಲ್ಲಿ ಅದೇ ಲಿಂಜ್‌ನಲ್ಲಿ ಕ್ಯಾಥೊಲಿಕ್ ಚರ್ಚು ಅವನನ್ನು ಧನ್ಯನೆಂದು ಘೋಷಿಸಿತು. ಸಂತೋಷ. ಆದರೆ ಅವನಿಗೆ ಜೊತೆ ಬೇಕಿದ್ದದ್ದು 1943ರಲ್ಲಿ. ನಮ್ಮ ಚರ್ಚುಗಳು ಸತ್ತವರನ್ನು ರಕ್ತಸಾಕ್ಷಿಗಳೆಂದು ಕೊಂಡಾಡುತ್ತವೆ, ಬದುಕಿರುವವರಿಗೆ 13ನೆಯ ಅಧ್ಯಾಯ ಓದಿ ಹೇಳುತ್ತವೆ.

ಆ ಹಿರಿಯರು ಇದನ್ನು ಓದಿದರೆ ನನ್ನದೊಂದೇ ಬಿನ್ನಹ. ಸರ್, ಇನ್ನೊಮ್ಮೆ ಆ ಅಧ್ಯಾಯವನ್ನು ಉದ್ಧರಿಸುವಾಗ ಐದನೆಯ ವಚನದವರೆಗಾದರೂ ಓದಿ. ಸಭೆಯಲ್ಲಿ ಕೂತವರಲ್ಲಿ ಯಾರಿಗೋ ಅದರ ಅಗತ್ಯವಿರಬಹುದು.