ಕುಡಿದ ಮೇಲೆ ಲೋಟ ಹಸುವಿಗೆ

ಮಲ್ಲೇಶ್ವರದ ಎಂಟನೇ ಕ್ರಾಸಲ್ಲಿ ಶಾಪಿಂಗ್ ಮಾಡಿದವರಿಗೆ ಗೊತ್ತು, ಅದು ಶಾಪಿಂಗ್ ಅಲ್ಲ, ಕುಸ್ತಿ. ಒಂದು ಕಡೆ ಮೊಳ ಮಲ್ಲಿಗೆ, ಇನ್ನೊಂದು ಕಡೆ ಬ್ಲೌಸ್ ಪೀಸು, ಮಧ್ಯೆ ನುಗ್ಗೋ ಸ್ಕೂಟರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆದ್ರಂತೂ ಕೇಳೋದೇ ಬೇಡ. ಅಲ್ಲಿಂದ ಗಂಟಲು ಒಣಗಿಸಿಕೊಂಡು ಹೊರಬಿದ್ದಾಗ, ಅದೇ ಮಲ್ಲೇಶ್ವರದ 'ಈಟ್ ರಾಜ'ಕ್ಕೆ ಹೋಗಿ. ಪುಟ್ಟ ಜ್ಯೂಸ್ ಅಂಗಡಿ. ನಡೆಸೋರು ಹಿಂದೆ ರೇಡಿಯೋ ಜಾಕಿ ಆಗಿದ್ದವರು. ಜೇಬಿಗೂ ಭಾರ ಆಗಲ್ಲ.

ಆದ್ರೆ ಲೋಟ ಕೇಳಬೇಡಿ. ಕಲ್ಲಂಗಡಿ ಜ್ಯೂಸ್ ಕಲ್ಲಂಗಡಿ ಚಿಪ್ಪಲ್ಲೇ ಬರುತ್ತೆ, ಕರ್ಬೂಜದ್ದು ಕರ್ಬೂಜದ ಚಿಪ್ಪಲ್ಲಿ. ಕೈಗೆ ಬಂದ ತಕ್ಷಣ ಎಲ್ಲರೂ ಮಾಡೋ ಮೊದಲ ಕೆಲಸ, ಫೋಟೋ ತೆಗೆಯೋದು. ಎರಡನೇದು, ಫೋನ್ ಜೇಬಿಗೆ ಹಾಕೋದು! ಈ ಲೋಟದ ತಳ ಗುಂಡು, ಎಲ್ಲೂ ಇಡೋಕಾಗಲ್ಲ, ಎರಡೂ ಕೈ ಬೇಕು. ಸ್ಕ್ರೀನ್ ನೋಡದೆ ಏನನ್ನಾದರೂ ಕುಡಿದು ಎಷ್ಟು ದಿನ ಆಯ್ತು ಅಂತ ಯೋಚಿಸಿ.

ಕುಡಿದು ಮುಗಿಸಿದ ಚಿಪ್ಪು ದನಗಳ ಮೇವಾಗುತ್ತೆ. ಕಿತ್ತಳೆ, ನಿಂಬೆ ಥರದ ಸಿಪ್ಪೆಯಿಂದ ನೆಲ ಒರೆಸೋ ಬಯೋ ಎಂಜೈಮ್. ಇದನ್ನ ಮನೆಯಲ್ಲೂ ಮಾಡಬಹುದು: 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರು, 3 ತಿಂಗಳು ಕಾಯಬೇಕು. ಮೊದಲ ತಿಂಗಳು ದಿನಾ ಒಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಇಲ್ಲಾಂದ್ರೆ ಡಬ್ಬ ಸಿಡಿಯಬಹುದು. ಗಾಜಿನ ಬಾಟಲಿ ಅಂತೂ ಬೇಡವೇ ಬೇಡ.

ಕರ್ನಾಟಕ ಪ್ಲಾಸ್ಟಿಕ್ ನಿಷೇಧಿಸಿದ್ದು 2016ರಲ್ಲಿ. ಸ್ಟ್ರಾ, ಪ್ಲಾಸ್ಟಿಕ್ ಕಪ್ಪಿಗೆ ದೇಶಪೂರ್ತಿ ನಿಷೇಧ ಬಂದದ್ದು 2022ರ ಜುಲೈ 1ಕ್ಕೆ. ಈಗ ನಮ್ಮ ಆಫೀಸಿಗೆ ಆ್ಯಪಲ್ಲಿ ಬರೋ ಒಂದು ಜ್ಯೂಸ್ ನೋಡಿ: ಡಬ್ಬ, ಮುಚ್ಚಳ, ಮುಚ್ಚಳದ ಮೇಲೆ ಟೇಪು, ಹೊರಗೊಂದು ಚೀಲ. ಐದು ನಿಮಿಷದ ಜ್ಯೂಸಿಗೆ ಇಷ್ಟು ಸರಂಜಾಮು. ಇದೆಲ್ಲ ಹೋಗೋದೆಲ್ಲಿಗೆ? ಮಾವಳ್ಳಿಪುರ, ಮಂಡೂರಿನ ಜನರನ್ನ ಕೇಳಿ. ಬೆಂಗಳೂರಿನ ಕಸ ಅವರ ಊರಲ್ಲಿ ಬೆಟ್ಟವಾಗಿ, ಬಾವಿ ನೀರು ಕೆಟ್ಟು, ಕೊನೆಗೆ ಅವರು ಲಾರಿಗಳಿಗೆ ಅಡ್ಡ ನಿಂತರು. ನಾವು ಮಾತ್ರ 'ಕಸ ಯಾಕೆ ಎತ್ತಿಲ್ಲ' ಅಂತ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಜಗಳ ಆಡ್ತಿದ್ವಿ.

ಟೀಮಲ್ಲಿ ಈ ಅಂಗಡಿ ವಿಷಯ ತೆಗೆದ್ರೆ ಥಟ್ಟಂತ ಬರೋ ಮಾತು, 'ಚೆನ್ನಾಗಿದೆ ಗುರು, ಆದ್ರೆ ಸ್ಕೇಲ್ ಆಗಲ್ಲ.' ನಿಜ, ಚಿಪ್ಪನ್ನ ಬೈಕಲ್ಲಿ ಹದಿನೈದು ಕಿಲೋಮೀಟರ್ ಕಳಿಸೋಕಾಗಲ್ಲ. ಅಲ್ಲೇ ನಿಂತು ಕುಡೀಬೇಕು. ಆದ್ರೆ ಜ್ಯೂಸ್ ಅಂಗಡಿ ಹದಿನೈದು ಕಿಲೋಮೀಟರ್ ಯಾಕೆ ಮುಟ್ಟಬೇಕು? ಪ್ರತಿ ಬಡಾವಣೆಗೂ ಒಂದು ಇಂಥದ್ದು ಬಂದ್ರೆ ಅದೂ ಸ್ಕೇಲೇ ಅಲ್ವಾ? ಇದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಮೀಟಿಂಗ್ ಇದೆ ಅಂತ ಎದ್ದು ಹೋಗ್ತಾರೆ.

ಬೇಸಿಗೆಯಲ್ಲಿ ಹೋದ್ರೆ ಕರ್ಬೂಜ ತಗೊಳ್ಳಿ. ಬಿಳಿ ಶರ್ಟ್ ಬೇಡ.