ಲಾಠಿಯ ಸಾಕ್ಷ್ಯ, ರಕ್ತದ ಸಾಕ್ಷ್ಯ

ಹೆಂಡತಿಯನ್ನು ಕೊಂದನೆಂಬ ಆಪಾದನೆ ಹೊತ್ತಿದ್ದ ಕೊಡಗಿನ ಒಬ್ಬ ಬುಡಕಟ್ಟು ಕೂಲಿಕಾರನನ್ನು 2025ರ ಏಪ್ರಿಲ್‌ನಲ್ಲಿ ಮೈಸೂರಿನ ಸೆಷನ್ಸ್ ನ್ಯಾಯಾಲಯ ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಬಿಡುಗಡೆಗೆ ಕಾರಣವಾದದ್ದು ಪೋಲೀಸರ ಪಶ್ಚಾತ್ತಾಪವಲ್ಲ. ಸತ್ತಳೆಂದು ಸರಕಾರದ ದಾಖಲೆಗಳೆಲ್ಲ ಸಾರುತ್ತಿದ್ದ ಆ ಹೆಂಗಸು ಜೀವಂತವಾಗಿ ಬಂದು ನ್ಯಾಯಾಧೀಶರ ಮುಂದೆ ನಿಂತಳು! ಹೆಂಡತಿ ಕಾಣೆಯಾಗಿದ್ದಾಳೆಂದು ಠಾಣೆಯ ಮೆಟ್ಟಿಲೇರಿ ದೂರು ಕೊಟ್ಟಿದ್ದವನು ಆ ಗಂಡನೇ. ಮುಂದೆ ಮೈಸೂರು ಜಿಲ್ಲೆಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ಪೋಲೀಸರು ನಿಶ್ಚಯಿಸಿದರು. ಕೊಂದವನು ಗಂಡನೇ ಎಂದೂ ನಿಶ್ಚಯಿಸಿದರು. ಆತ ವರ್ಷಕ್ಕೂ ಮೀರಿ ಸೆರೆವಾಸ ಕಂಡ. ಗೃಹ ಇಲಾಖೆ ಆತನಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು.

ಇದರಲ್ಲಿ ನಮ್ಮನ್ನು ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ಆ ಎಲುಬುಗಳು ಡಿ.ಎನ್.ಎ. ಪರೀಕ್ಷೆಗೆ ಹೋಗಿದ್ದವು. ಅವು ಆಕೆಯವಲ್ಲ ಎಂದು ಪರೀಕ್ಷೆ ತಿಳಿಸಿಯೂ ಇತ್ತು. ಆದರೆ ಆ ಉತ್ತರ ಬರುವ ಮೊದಲೇ ಪೋಲೀಸರು ಆರೋಪಪಟ್ಟಿ ಹಾಕಿ ಕೈತೊಳೆದುಕೊಂಡಿದ್ದರು. ಉತ್ತರ ಬಂದ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ವಿಜ್ಞಾನ ಸತ್ಯ ನುಡಿಯಿತು. ಕೇಳುವ ಕಿವಿ ಇರಲಿಲ್ಲ. ಆ ಹೆಂಗಸು ಕಣ್ಣಿಗೆ ಬೀಳದೆ ಹೋಗಿದ್ದರೆ ಅವನ ಗತಿ ಏನಾಗುತ್ತಿತ್ತೋ ಓದುಗರೇ ಊಹಿಸಿಕೊಳ್ಳಲಿ.

ಇಂಥದು ಹೇಗೆ ಸಾಧ್ಯವಾಗುತ್ತದೆ? ಘೋರ ಅಪರಾಧಗಳಲ್ಲಿ 90 ದಿನದೊಳಗೆ, ಮಿಕ್ಕವುಗಳಲ್ಲಿ 60 ದಿನದೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಬಂಧಿತನಿಗೆ ಜಾಮೀನು ಹಕ್ಕಾಗಿ ದೊರೆಯುತ್ತದೆ. ಬಡವನ ರಕ್ಷಣೆಗೆಂದೇ ಮಾಡಿದ ನಿಯಮ ಇದು. ಪ್ರಯೋಗಾಲಯದ ವರದಿ ಆ ಅವಧಿಯಲ್ಲಿ ಬಾರದಿದ್ದರೆ, 'ವರದಿ ಬರಬೇಕಾಗಿದೆ' ಎಂದು ಒಂದು ಸಾಲು ಬರೆದು ಆರೋಪಪಟ್ಟಿ ಹಾಕುವ ಪರಿಪಾಠ ಬೆಳೆದಿದೆ. ಹಣವುಳ್ಳವನು ದೊಡ್ಡ ವಕೀಲರನ್ನು ಹಿಡಿದು ಅಷ್ಟರಲ್ಲೇ ಹೊರಗೆ ಬರುತ್ತಾನೆ. ಕೂಲಿಯವನು ವರದಿಯ ದಾರಿ ಕಾಯುತ್ತ ಒಳಗೇ ಕೊಳೆಯುತ್ತಾನೆ. ಮೊದಲು ಅಪರಾಧಿಯನ್ನು ಗೊತ್ತುಮಾಡಿ ಆಮೇಲೆ ಸಾಕ್ಷ್ಯ ಹುಡುಕುವುದೇ ತನಿಖೆ ಎನಿಸಿಕೊಂಡಿರುವಲ್ಲಿ ವರದಿಗೆ ಬೆಲೆ ಎಲ್ಲಿಯದು?

ಈ ಡಿ.ಎನ್.ಎ. ಪರೀಕ್ಷೆ ಅಪರಾಧದ ತನಿಖೆಗೆ ಮೊದಲ ಸಲ ಬಂದ ಕಥೆಯನ್ನು ನಮ್ಮ ಪೋಲೀಸ್ ಶಾಲೆಗಳು ದಿನವೂ ಪಾಠ ಹೇಳಬೇಕು. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಹೀಗೆ ಹದಿನೈದು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಹದಿನೇಳರ ಒಬ್ಬ ಹುಡುಗ ಎರಡನೆಯ ಕೊಲೆಯನ್ನು ಪೋಲೀಸರ ಮುಂದೆ ಒಪ್ಪಿಕೊಂಡ. ಮೊದಲನೆಯದೂ ಅವನದೇ ಎಂದು ಸಿದ್ಧಪಡಿಸಿಕೊಳ್ಳುವ ಆಸೆಯಿಂದ ಪೋಲೀಸರು ಅಲ್ಲಿನ ವಿಶ್ವವಿದ್ಯಾಲಯದ ವಿಜ್ಞಾನಿ ಆಲೆಕ್ ಜೆಫ್ರೀಸ್‌ರ ಬಳಿಗೆ ಹೋದರು. ಎರಡೂ ಕೊಲೆ ಒಬ್ಬನದೇ, ಆದರೆ ಅವನು ಈ ಹುಡುಗನಲ್ಲ ಎಂಬ ಉತ್ತರ ಬಂತು. ನಿಜವಾದ ಕೊಲೆಗಾರನಿಗೆ 1988ರ ಜನವರಿಯಲ್ಲಿ ಶಿಕ್ಷೆಯಾಯಿತು. ಒಬ್ಬನನ್ನು ಹಿಡಿದುಕೊಡುವ ಮೊದಲೇ ಈ ವಿಜ್ಞಾನ ಒಬ್ಬ ನಿರಪರಾಧಿಯನ್ನು, ಅದೂ ತಪ್ಪೊಪ್ಪಿಗೆ ಕೊಟ್ಟಿದ್ದವನನ್ನು, ಬಿಡಿಸಿತ್ತು.

ತಪ್ಪೊಪ್ಪಿಗೆ ಎಂಬುದರ ಬೆಲೆ ನಮ್ಮ ದೇಶಕ್ಕೆ ಹೊಸದಾಗಿ ತಿಳಿಯಬೇಕಾಗಿಲ್ಲ. ಮದ್ರಾಸು ಪ್ರಾಂತದಲ್ಲಿ ಪೋಲೀಸರೂ ಕಂದಾಯದ ನೌಕರರೂ ರೈತರಿಗೆ ಕೊಡುತ್ತಿದ್ದ ಚಿತ್ರಹಿಂಸೆಯನ್ನು ವಿಚಾರಿಸಲು ನೇಮಿಸಿದ ಆಯೋಗ 1855ರಲ್ಲೇ ವರದಿ ಕೊಟ್ಟಿತು. ನಮ್ಮ ಬಳ್ಳಾರಿ, ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು 1872ರ ಸಾಕ್ಷ್ಯ ಕಾಯಿದೆ ಕಟ್ಟುಮಾಡಿತು. ಪರದೇಶದ ದೊರೆಗಳೇ ತಮ್ಮ ಪೋಲೀಸರನ್ನು ನಂಬಲಿಲ್ಲ! ಆದರೆ ಅದೇ ಕಾಯಿದೆಯ 27ನೆಯ ಕಲಮು ಒಂದು ಕಿಂಡಿ ಬಿಟ್ಟಿತು. ಬಂಧಿತನ ಮಾತಿನಿಂದ ಏನಾದರೂ ವಸ್ತು ಸಿಕ್ಕರೆ ಅಷ್ಟು ಮಾತು ಸಾಕ್ಷ್ಯವಾಗುತ್ತದೆ. ಅಂದಿನಿಂದ ಪೊದೆಯಲ್ಲಿ ಕುಡುಗೋಲು ಸಿಗುವುದು, ಪಂಚರು ಮಹಜರಿಗೆ ಸಹಿ ಹಾಕುವುದು ನಡೆದೇ ಇದೆ. 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಕಲಮಿನ ಸಂಖ್ಯೆ 23 ಆಗಿದೆ. ಕಿಂಡಿ ಹಾಗೆಯೇ ಇದೆ. ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಬಂಧನಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿತು. ಅವು ಠಾಣೆಯ ಗೋಡೆಯ ಮೇಲಿನ ಫಲಕದಲ್ಲಿ ಕ್ಷೇಮವಾಗಿವೆ.

ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದರೆ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಲೇಬೇಕು, ಅದರ ಚಿತ್ರೀಕರಣವೂ ಆಗಬೇಕು ಎಂದು ಅದರ 176ನೆಯ ಕಲಮು ಹೇಳುತ್ತದೆ. ಇದು ಒಳ್ಳೆಯ ನಿಯಮ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಗಡುವು ಕೊಡಲಾಗಿದೆ. ತನ್ನಲ್ಲಿ ಸೌಕರ್ಯವಿಲ್ಲದ ರಾಜ್ಯ ಬೇರೆ ರಾಜ್ಯದ ಸೌಕರ್ಯ ಬಳಸಬಹುದಂತೆ. ಪಕ್ಕದ ಮನೆಯಲ್ಲೂ ಒಲೆ ಹೊತ್ತಿಲ್ಲದಿದ್ದರೆ?

ಕಾಯಿದೆ ದೆಹಲಿಯಲ್ಲಿ ಆಗುತ್ತದೆ, ಸಾಕ್ಷ್ಯ ಕೆಡುವುದು ಹಳ್ಳಿಯಲ್ಲಿ. ರಕ್ತ ಹತ್ತಿದ ಬಟ್ಟೆಯನ್ನು ನೆರಳಿನಲ್ಲಿ ಆರಿಸಿ ಕಾಗದದಲ್ಲಿ ಕಟ್ಟಬೇಕು. ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಡಿ.ಎನ್.ಎ. ನಾಶವಾಗುತ್ತದೆ. ವಿಷದ ಸಾವಿನಲ್ಲಿ ಜಠರ, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ಗಟ್ಟಿ ಉಪ್ಪುನೀರಿನ ಜಾಡಿಯಲ್ಲಿಟ್ಟು ಮೊಹರು ಮಾಡಬೇಕು. ಫಾರ್ಮಲಿನ್ ಸುರಿದರೆ ಎಷ್ಟೋ ವಿಷಗಳು ಪತ್ತೆಯಾಗುವುದು ಕಷ್ಟ. ಜಾಡಿ ಯಾವ ದಿನ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಲೆಕ್ಕ ಒಂದು ಕಡೆ ತಪ್ಪಿದರೂ ಕೋರ್ಟಿನಲ್ಲಿ ಅದಕ್ಕೆ ಕಿಲುಬುಕಾಸಿನ ಬೆಲೆ ಇಲ್ಲ. ಇವೆಲ್ಲ ಮಹಾ ವಿದ್ಯೆಯೇನೂ ಅಲ್ಲ. ತರಬೇತಾದ ಒಬ್ಬ ಪೇದೆ, ಒಂದು ಕಟ್ಟು ಕಾಗದದ ಚೀಲ, ಒಂದು ತಂಪು ಪೆಟ್ಟಿಗೆ ಸಾಕು. ಬೆರಳಚ್ಚಿನ ವಿಂಗಡಣೆಯನ್ನು ಜಗತ್ತಿಗೆ ಸಾಧ್ಯವಾಗಿಸಿದವರು ಕಲ್ಕತ್ತೆಯ ಇಬ್ಬರು ಸಬ್ ಇನ್‌ಸ್ಪೆಕ್ಟರುಗಳು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅಲ್ಲಿ ಬೆರಳಚ್ಚಿನ ಕಚೇರಿ ತೆರೆದದ್ದು 1897ರಲ್ಲಿ. ಪದ್ಧತಿಗೆ ಬಿದ್ದ ಹೆಸರು ಮಾತ್ರ ಮೇಲಧಿಕಾರಿ ಹೆನ್ರಿ ಸಾಹೇಬರದು! ನಮ್ಮ ಕೆಳದರ್ಜೆಯ ಪೋಲೀಸನಿಗೆ ಬುದ್ಧಿಯಿಲ್ಲವೆಂದು ಯಾರೂ ಹೇಳಲಾಗದು. ಅವನ ಕೈಗೆ ಲಾಠಿ ಬಿಟ್ಟು ಬೇರೇನೂ ಕೊಡದವರನ್ನು ಕೇಳಬೇಕು.

ವಿಜ್ಞಾನದ ಹೆಸರು ಹೇಳಿದ ಮಾತ್ರಕ್ಕೆ ನಾವು ಕೈ ಮುಗಿಯುವವರೂ ಅಲ್ಲ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಬಂಧಿತನಿಗೆ ಔಷಧಿ ಚುಚ್ಚಿ, ಅರೆಪ್ರಜ್ಞೆಯಲ್ಲಿ ಅವನು ಬಡಬಡಿಸಿದ್ದನ್ನು ಚಿತ್ರ ತೆಗೆಯುವುದೇ ಆ ವಿಜ್ಞಾನ. ಲಾಠಿ ಹೋಗಿ ಸೂಜಿ ಬಂದಿತ್ತು, ಅಷ್ಟೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಅಮೆರಿಕದ ಎಫ್.ಬಿ.ಐ. ಕೂಡ 2015ರಲ್ಲಿ ತಲೆತಗ್ಗಿಸಬೇಕಾಯಿತು. ಸೂಕ್ಷ್ಮದರ್ಶಕದಲ್ಲಿ ಕೂದಲು ಹೋಲಿಸಿ ಅದರ ತಜ್ಞರು ನುಡಿದಿದ್ದ ಸಾಕ್ಷ್ಯದಲ್ಲಿ, ಮರುಪರಿಶೀಲಿಸಿದ ವಿಚಾರಣೆಗಳ ಪೈಕಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ, ದೋಷವಿತ್ತೆಂದು ಒಪ್ಪಿಕೊಂಡಿತು. ಪ್ರಯೋಗಾಲಯಗಳನ್ನು ಪೋಲೀಸರ ಹಿಡಿತದಿಂದ ಬಿಡಿಸಬೇಕೆಂದು ಆ ದೇಶದ ವಿಜ್ಞಾನ ಅಕಾಡೆಮಿ 2009ರಲ್ಲೇ ಹೇಳಿತ್ತು.

ನಮ್ಮಲ್ಲಿ ಪ್ರಯೋಗಾಲಯ ಇರುವುದು ಪೋಲೀಸರ ಒಡೆತನದ ಅದೇ ಗೃಹ ಇಲಾಖೆಯ ಕೆಳಗೆ. ಹಿಡಿದವನೂ ಪರೀಕ್ಷಿಸುವವನೂ ಒಂದೇ ಯಜಮಾನನ ಸಂಬಳ ಉಣ್ಣುತ್ತಾರೆ. ಸರಕಾರದ ತಜ್ಞರ ವರದಿಯನ್ನು ತಜ್ಞರು ಕೋರ್ಟಿಗೆ ಬಾರದೆಯೂ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಸಂಹಿತೆಯ 329ನೆಯ ಕಲಮು ಹೇಳುತ್ತದೆ. ಅವರನ್ನು ಕರೆಸುವುದು ನ್ಯಾಯಾಧೀಶರ ಇಚ್ಛೆಗೆ ಬಿಟ್ಟದ್ದು. ಕಾನೂನು ನೆರವಿನ ಯುವ ವಕೀಲ ಯಾರ ಬಳಿಗೆ ಹೋಗಿ ಆ ವರದಿಯ ಅರ್ಥ ಕೇಳಬೇಕು?

ರಾಜ್ಯ ಸರಕಾರವನ್ನು ನಾವು ಕೇಳುವುದು ಇದು. ಪ್ರಯೋಗಾಲಯಗಳನ್ನು ಗೃಹ ಇಲಾಖೆಯಿಂದ ಬಿಡಿಸಿ, ವಿಧಾನಮಂಡಲಕ್ಕೆ ಲೆಕ್ಕ ಒಪ್ಪಿಸುವ ಸ್ವತಂತ್ರ ಸಂಸ್ಥೆಯ ಕೈಗೆ ಕೊಡಲಿ. ಜಿಲ್ಲೆಗೊಂದು ಪ್ರಯೋಗಾಲಯ, ಕೊನೆಯ ಪಕ್ಷ ಮಾದರಿಗಳನ್ನು ಕೆಡದಂತೆ ಕಾಪಾಡುವ ಒಂದು ಕೇಂದ್ರ, ಬರಲಿ. ವರದಿ ಕೈಸೇರಿದ ದಿನವೇ ಅದರ ಒಂದು ಪ್ರತಿ ಆಪಾದಿತನಿಗೂ ಮುಟ್ಟಲಿ, ಅದು ಅವನ ಪರವಾಗಿದ್ದರೆ ಮೊಕದ್ದಮೆಯನ್ನು ಮುಂದುವರಿಸುವ ಕಾರಣವನ್ನು ಸರಕಾರಿ ವಕೀಲರು ಲಿಖಿತವಾಗಿ ನ್ಯಾಯಾಲಯಕ್ಕೆ ಕೊಡಬೇಕೆಂಬ ನಿಯಮವಾಗಲಿ. ಕಾನೂನು ನೆರವಿನ ಹಣದಲ್ಲೇ ಆಪಾದಿತನ ಪರವಾಗಿ ಒಬ್ಬ ತಜ್ಞನನ್ನು ಒದಗಿಸಲಿ.

ಮೈಸೂರು ಜಿಲ್ಲೆಯಲ್ಲಿ ಸಿಕ್ಕ ಆ ಅಸ್ಥಿಪಂಜರ ಯಾರದ್ದು? ಕೊಡಗಿನ ಹೆಂಗಸು ಬದುಕಿದ್ದಾಳೆ, ಸರಿ. ಆದರೆ ಯಾರೋ ಒಬ್ಬರು ಸತ್ತದ್ದಂತೂ ನಿಜ. ಕೂಲಿಯವನ ಮೇಲೆ ಹೊರಿಸಿ ಮುಚ್ಚಿದ ಆ ಕಡತವನ್ನು ಸರಕಾರ ಮತ್ತೆ ತೆರೆಯಬೇಕು.